ಏಳು ಪ್ರಶ್ನಾರ್ಥಕ ಚಿಹ್ನೆ

ಅಣ್ಣನ ಅಂಗಡಿ ಕೊಪ್ಪಳದ ಎಪಿಎಂಸಿಯಲ್ಲಿ, ತಮ್ಮನದು ಗಂಗಾವತಿಯಲ್ಲಿ. ಎರಡೂ ದಲಾಲಿ ಅಂಗಡಿಗಳೇ. ಮನೆತನ ಒಂದೇ ಆದ್ದರಿಂದ ಲೆಕ್ಕವೂ ಕೊನೆಗೆ ಒಂದಾಗಬೇಕು. ಕೊಪ್ಪಳಕ್ಕೆ ಗೋವಿನಜೋಳ, ಸಜ್ಜೆ, ನಮ್ಮ ಯಲಬುರ್ಗಾ ಕಡೆಯ ಎರೆ ಹೊಲದ ಕಡಲೆ ಬರುತ್ತಿತ್ತು. ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಕುಷ್ಟಗಿಯ ರೈತ ಮಗಳ ಮದುವೆಗೆಂದು ಕೊಪ್ಪಳದ ಅಂಗಡಿಯಲ್ಲಿ ಮುಂಗಡ ಎತ್ತುತ್ತಿದ್ದ. ಗಂಗಾವತಿ ಸೀಮೆಯಲ್ಲಿ ಲಾವಣಿಗೆ ಹಿಡಿದ ಗದ್ದೆಯ ಭತ್ತವನ್ನು ಅಲ್ಲಿಯ ಅಂಗಡಿಗೆ ಹಾಕಿ ಸಾಲ ಮುರಿಸುತ್ತಿದ್ದ. ಹಾಗಾಗಿ ಒಂದು ಅಂಗಡಿಯ ಲೆಕ್ಕ ಇನ್ನೊಂದಕ್ಕೆ ತಿಳಿಯಲೇಬೇಕು. 2008–09ರ ಸುಮಾರಿಗೆ ಆ ಎರಡು ಅಂಗಡಿಗಳ ನಡುವಿನ ನೆಟ್‌ವರ್ಕ್ ಎಂದರೆ ಒಂದು ಪೆನ್ ಡ್ರೈವ್. ಅದು ಸಂಜೆ ಬಸ್ಸಿನಲ್ಲಿ, ಅಂಗಡಿ ಹುಡುಗನ ಅಂಗಿಯ ಜೇಬಿನಲ್ಲಿ ಓಡಾಡುತ್ತಿತ್ತು.

ಆ ಪೆನ್ ಡ್ರೈವಿನಲ್ಲಿ ಏನಿರಬೇಕು, ಹೇಗಿರಬೇಕು ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಗಂಗಾವತಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿದ್ದೆ. ಹಗಲೆಲ್ಲ ಪ್ರಿಂಟರ್ ರಿಪೇರಿ, ಪುರುಸೊತ್ತು ಸಿಕ್ಕಾಗ ಜಾವಾ. ದಲಾಲಿ ಅಂಗಡಿಯ ಪ್ರೋಗ್ರಾಂ ಬರೆದವನು ನನಗಿಂತ ಮೊದಲು ಅಲ್ಲಿದ್ದ ಹುಡುಗ. ಅವನು ಬೆಂಗಳೂರಿನ ಬಸ್ಸು ಹತ್ತಿ ಹೋಗಿದ್ದ. ಡೇಟಾಬೇಸ್ ಹಾಕಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಹಾಕಬಹುದಿತ್ತು. ಆದರೆ ಅಲ್ಲಿದ್ದದ್ದು ಹಳೆಯ ಎಕ್ಸ್‌ಪಿ ಯಂತ್ರ. ಅದು ಆಗಾಗ ಫಾರ್ಮ್ಯಾಟ್ ಆಗುತ್ತಿತ್ತು, ಕರೆಂಟು ಕೇಳದೆ ಹೋಗುತ್ತಿತ್ತು, ಡೇಟಾಬೇಸ್ ಸರ್ವರ್ ಕೆಟ್ಟರೆ ಎಬ್ಬಿಸಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಫೈಲು ಕಾಪಿ ಮಾಡುವುದು ಮಾತ್ರ ಎಲ್ಲರಿಗೂ ಬರುತ್ತಿತ್ತು. ಇಡೀ ವ್ಯವಸ್ಥೆ ನಿಂತದ್ದು ಆ ಒಂದು ವಿದ್ಯೆಯ ಮೇಲೆ.

ಜಾವಾದಲ್ಲಿ ರೈತನೂ ಒಂದು ಆಬ್ಜೆಕ್ಟ್, ಪಟ್ಟಿಯೂ ಒಂದು ಆಬ್ಜೆಕ್ಟ್. ಪಟ್ಟಿ ಎಂದರೆ ಮಾಲು ಮಾರಿದ ಮೇಲೆ ರೈತನ ಕೈಗೆ ಕೊಡುವ ಚೀಟಿ: ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು, ಮುಂಗಡ ಮುರಿದು ಉಳಿದದ್ದೆಷ್ಟು. ಪ್ರೋಗ್ರಾಂ ನಡೆಯುತ್ತಿರುವಷ್ಟು ಹೊತ್ತು ಇವೆಲ್ಲ ಯಂತ್ರದ ನೆನಪಿನಲ್ಲಿರುತ್ತವೆ, ಮುಚ್ಚಿದರೆ ಇಲ್ಲ. ಸಂಜೆ ಬಾಗಿಲು ಹಾಕುವಾಗ ಅವನ್ನು ಡಿಸ್ಕಿಗೆ ಇಳಿಸಬೇಕು, ಬೆಳಿಗ್ಗೆ ಮತ್ತೆ ಎತ್ತಬೇಕು. ಇದಕ್ಕೆ ಜಾವಾದಲ್ಲಿ 1997ರಿಂದಲೂ ಒಂದು ಸಿದ್ಧ ದಾರಿ ಇದೆ, ಸೀರಿಯಲೈಸೇಶನ್. ಒಂದೇ ಸಾಲಿನಲ್ಲಿ ಇಡೀ ಆಬ್ಜೆಕ್ಟಿನ ಜಾಲವನ್ನು ಬೈಟುಗಳಾಗಿ ಬರೆದುಬಿಡುತ್ತದೆ. ಮೊದಲಿನ ಹುಡುಗ ಅದನ್ನೇ ಬಳಸಿದ್ದ.

ಒಂದೇ ಅಂಗಡಿಯಾಗಿದ್ದರೆ ಅದು ನಡೆದುಹೋಗುತ್ತಿತ್ತು. ಗಂಗಾವತಿಯವರು ರೈತರ ಮೊಬೈಲ್ ನಂಬರ್ ಬರೆದಿಡಲು ಒಂದು ಜಾಗ ಕೇಳಿದರು. ಅಲ್ಲಿಯ ಪ್ರೋಗ್ರಾಮಿಗೆ ಒಂದು ಫೀಲ್ಡ್ ಸೇರಿತು. ಕೊಪ್ಪಳದಲ್ಲಿ ಹಳೆಯದೇ ಇತ್ತು. ಅವತ್ತಿನ ಪೆನ್ ಡ್ರೈವ್ ಕೊಪ್ಪಳದಲ್ಲಿ ತೆರೆಯಲೇ ಇಲ್ಲ. ಸೀರಿಯಲೈಸೇಶನ್ ಪ್ರತಿ ಕ್ಲಾಸಿಗೂ ಒಂದು ಗುರುತಿನ ಸಂಖ್ಯೆ ಇಡುತ್ತದೆ. ನೀವಾಗಿ ಬರೆದುಕೊಡದಿದ್ದರೆ ಕ್ಲಾಸಿನ ಹೆಸರು, ಫೀಲ್ಡು, ಮೆಥಡ್‌ಗಳನ್ನೆಲ್ಲ ಕಲಸಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ಫೀಲ್ಡ್ ಹೆಚ್ಚಾದರೂ ಸಂಖ್ಯೆ ಬೇರೆ, ಸಂಖ್ಯೆ ಬೇರೆಯಾದರೆ ಫೈಲು ಪರಕೀಯ. ಒಳಗಿರುವ ಸಾವಿರಾರು ಪಟ್ಟಿಗಳಲ್ಲಿ ಒಂದನ್ನೂ ಕೊಡುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡೋಣವೆಂದರೆ ಚೌಕ, ಚುಕ್ಕೆ, ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಪದ.

ಆ ಪೆಟ್ಟಿನ ನಂತರವೇ ಅವನು ಎಕ್ಸ್‌ಎಂಎಲ್‌ಗೆ ಬಂದದ್ದು. ಎಕ್ಸ್‌ಎಂಎಲ್ 1.0 ಹೊರಬಿದ್ದದ್ದು 1998ರ ಫೆಬ್ರುವರಿಯಲ್ಲಿ. ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಹೆಚ್ಚು ಕಡಿಮೆ ಓರಗೆಯವರು. ಪ್ರತಿಯೊಂದು ವಿವರವನ್ನೂ ಹೆಸರಿನ ಎರಡು ಟ್ಯಾಗುಗಳ ನಡುವೆ ಇಡುವ, ಮನುಷ್ಯರೂ ಓದಬಹುದಾದ ಬರಿ ಪಠ್ಯದ ಫೈಲು ಅದು. ಅವನು ಟ್ಯಾಗುಗಳನ್ನು ಕೈಯಾರೆ ಒಂದೊಂದೇ ಸಾಲು ಬರೆಸುವಂತೆ ಮಾಡಿ, ಕೆಲಸ ಮುಗಿಯಿತೆಂದು ಊರು ಬಿಟ್ಟಿದ್ದ. ನಾನು ಕಾಲಿಟ್ಟದ್ದು ಅದರ ಮರುವಾರದಲ್ಲಿ.

ಪರದೆಯ ಮೇಲೆ ರೈತರ ಹೆಸರಿಲ್ಲ, ಊರಿಲ್ಲ. ಎಲ್ಲ ಕಡೆ ಪ್ರಶ್ನಾರ್ಥಕ ಚಿಹ್ನೆ. ಚೀಲ, ತೂಕ, ದರ, ಮೊತ್ತ ಪೈಸೆಗೆ ಪೈಸೆ ಸರಿ. ದುಡ್ಡಿದೆ, ಯಾರ ದುಡ್ಡೆಂದು ಗೊತ್ತಿಲ್ಲ.

ಕೊಪ್ಪಳದ ಅಂಗಡಿಯ ದಿವಾನಜಿಗೆ ಆಗಲೇ ಅರವತ್ತರ ಹತ್ತಿರ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಿರ್ದಿ ಬರೆದು ಬರೆದು ಬೆರಳಿನಲ್ಲಿ ಗಂಟು ಕಟ್ಟಿದ್ದ ಮನುಷ್ಯ. ಕಂಪ್ಯೂಟರ್ ಬಂತೆಂದು ಕಿರ್ದಿ ಬರೆಯುವುದನ್ನು ಅವರು ಬಿಟ್ಟಿರಲಿಲ್ಲ, ಸಾವ್ಕಾರರು ಹೇಳಿದರೂ ಬಿಟ್ಟಿರಲಿಲ್ಲ. ಆ ಪರದೆಯನ್ನು ಅವರು ಬಹಳ ಹೊತ್ತು ನೋಡಿದರು. ಹೆಸರಿನ ಕಾಲಮ್ಮು ಬಿಟ್ಟು ತಾಲ್ಲೂಕಿನ ಕಾಲಮ್ಮಿಗೆ ಬಂದರು. ಅಲ್ಲಿ ಬರುವುದು ನಾಲ್ಕೇ ಹೆಸರು ತಾನೆ.

"ತಮ್ಮಾ, ಎಲ್ಲಾ ಕಡೆ ಒಂದಽ ಸಮ ಇಲ್ಲ ನೋಡು. ಕೆಲವು ಕಡೆ ಆರ ಅದಾವ, ಕೆಲವು ಕಡೆ ಏಳ, ಕೆಲವು ಕಡೆ ಎಂಟ."

ಎಣಿಸಿದೆ. ಹೌದು. ಯುನಿಕೋಡಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರ ಒಂದು ತುಣುಕಲ್ಲ. ಕಾಗುಣಿತದ ಗುರುತು ಬೇರೆ, ಸೊನ್ನೆ ಬೇರೆ, ಒತ್ತಕ್ಷರ ತರುವ ವಿರಾಮ ಬೇರೆ. ಕೊಪ್ಪಳದಲ್ಲಿ ಕ, ಒಕಾರ, ಪ, ವಿರಾಮ, ಮತ್ತೆ ಪ, ಳ, ಒಟ್ಟು ಆರು. ಯಲಬುರ್ಗಾಕ್ಕೆ ಎಂಟು. ಗಂಗಾವತಿ ಬಾಯಲ್ಲಿ ನಾಲ್ಕು ಅಕ್ಷರ, ಒಳಗೆ ಏಳು ತುಣುಕು. ಪ್ರತಿ ತುಣುಕಿಗೂ ಒಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿದೆ. ಕಾಕಾನಿಗೆ ಇಷ್ಟು ಹೇಳಿದ್ದೇ ತಡ, ಆರಿದ್ದ ಕಡೆ ಕೊಪ್ಪಳ, ಎಂಟಿದ್ದ ಕಡೆ ಯಲಬುರ್ಗಾ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕತೊಡಗಿದರು. ಏಳಕ್ಕೆ ಬಂದು ನಿಂತರು. ಕುಷ್ಟಗಿಯನ್ನು ಬಿಡಿಸಿದರೆ ಕ, ಉಕಾರ, ಷ, ವಿರಾಮ, ಟ, ಗ, ಇಕಾರ. ಅದೂ ಏಳೇ.

"ಈ ಏಳು ಗಂಗಾವತೀದೋ ಕುಷ್ಟಗೀದೋ?"

ಹೇಳಲು ಯಾವ ದಾರಿಯೂ ಇರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯಾಗಿ ಡಿಸ್ಕಿಗೆ ಹೋದದ್ದು ಪ್ರಶ್ನಾರ್ಥಕ ಚಿಹ್ನೆಯೇ. ಅದರ ಹಿಂದೆ ಅಕ್ಷರ ಅಡಗಿ ಕೂತಿರುವುದಿಲ್ಲ. ಕಾರಣ ಮಾತ್ರ ಬೇಗ ಸಿಕ್ಕಿತು. ಜಾವಾದ ಫೈಲ್‌ರೈಟರ್‌ಗೆ ಯಾವ ಲಿಪಿ ಸಂಕೇತದಲ್ಲಿ ಬರೆಯಬೇಕೆಂದು ಹೇಳದಿದ್ದರೆ ಅದು ಯಂತ್ರದ ವಾಡಿಕೆಯನ್ನು ಹಿಡಿಯುತ್ತಿತ್ತು. ಇಂಗ್ಲಿಷ್ ವಿಂಡೋಸಿನಲ್ಲಿ ಆ ವಾಡಿಕೆ 1252 ಎಂಬ ಪಶ್ಚಿಮ ಯುರೋಪಿನ ಸಂಕೇತ. ಅದರಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ. ಜಾಗವಿಲ್ಲದ್ದಕ್ಕೆಲ್ಲ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ, ದೂರು ಹೇಳುವುದಿಲ್ಲ. ಫೈಲಿನ ನೆತ್ತಿಯಲ್ಲಿ ಮಾತ್ರ ಯುಟಿಎಫ್-8 ಎಂದು ಠೀವಿಯಿಂದ ಬರೆದಿರುತ್ತದೆ. ತಮಾಷೆಯೆಂದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಹೆಸರುಗಳು ಉಳಿದುಕೊಳ್ಳುತ್ತಿದ್ದವು. ಆ ಫಾಂಟುಗಳು ಯುರೋಪಿನ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿಕೊಂಡಿದ್ದವಲ್ಲ, 1252ಕ್ಕೆ ಅವು ತನ್ನವರೇ. ಅಂಗಡಿ ಸರಿಯಾದ ದಾರಿ ಹಿಡಿದು ಯುನಿಕೋಡಿಗೆ ಬಂದದ್ದರಿಂದಲೇ ಕೆಟ್ಟಿತು. ಬರೆಯುವಾಗ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿದರೆ ಮುಗಿಯಿತು. ಬದಲಿಸಬೇಕಾದದ್ದು ಒಂದು ಸಾಲು. ಹೋದ ಹೆಸರುಗಳನ್ನು ಕಾಕಾನ ಕಿರ್ದಿಯಿಂದ ಮತ್ತೆ ತುಂಬಿದೆವು. ಸಾವ್ಕಾರರು ಆಮೇಲೆ ಕಿರ್ದಿ ನಿಲ್ಲಿಸುವ ಮಾತೆತ್ತಲಿಲ್ಲ.

ಕೈಯಾರೆ ಟ್ಯಾಗು ಬರೆಸುವ ಉಸಾಬರಿಯೇ ಬೇಡವೆಂದು ನಾನು ಎಕ್ಸ್‌ಎಂಎಲ್ ಎನ್‌ಕೋಡರ್ ತಂದೆ. 2002ರ ಜಾವಾ 1.4ರಿಂದ ಅದು ಜಾವಾದ ಜೊತೆಗೇ ಬರುತ್ತದೆ. ಕ್ಲಾಸಿಗೆ ಖಾಲಿ ಕನ್‌ಸ್ಟ್ರಕ್ಟರ್ ಇರಲಿ, ಪ್ರತಿ ಫೀಲ್ಡಿಗೂ ಗೆಟ್–ಸೆಟ್ ಮೆಥಡ್ ಇರಲಿ. ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ, ಕನ್ನಡವನ್ನೂ ಯುಟಿಎಫ್-8ರಲ್ಲೇ ಬರೆಯುತ್ತದೆ. ಒಂದು ಪ್ರತಿ ಪ್ರಿಂಟ್ ತೆಗೆದು ಕಾಕಾನ ಮುಂದಿಟ್ಟೆ. ಅವರಿಗೆ ಟ್ಯಾಗುಗಳ ಇಂಗ್ಲಿಷ್ ಬೇಕಿರಲಿಲ್ಲ, ನಡುವಿನ ಕನ್ನಡ ಮತ್ತು ಅಂಕಿ ಸಾಕಿತ್ತು. ಬೆರಳಿಟ್ಟು ಕೆಳಗಿಳಿಯುತ್ತಾ ಅಳವಂಡಿಯ ಒಬ್ಬ ರೈತನ ಹತ್ತಿರ ನಿಂತರು.

"ಇವನ ಬಾಕಿ ಎಲ್ಲದ?"

"ಇಲ್ಲ ಕಾಕಾ, ತೀರಿಸ್ಯಾನ. ಸೊನ್ನಿ."

"ಸೊನ್ನಿ ಇದ್ರ ಸೊನ್ನಿ ಬರೀಬೇಕಪಾ. ಬಿಟ್ಟ್ರ ದಿವಾನಜಿ ಬರಿಯೂದು ಮರ್ತಾನ ಅಂತಾರ, ಇಲ್ಲಾ ಕದ್ದಾನ ಅಂತಾರ."

ಎನ್‌ಕೋಡರಿನ ಸ್ವಭಾವವೇ ಅದು. ಬರೆಯುವ ಮೊದಲು ಅದು ಒಂದು ಹೊಸ ಖಾಲಿ ಆಬ್ಜೆಕ್ಟ್ ಮಾಡಿಕೊಳ್ಳುತ್ತದೆ, ನಿಮ್ಮದನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತದೆ, ವ್ಯತ್ಯಾಸವಿದ್ದಷ್ಟನ್ನೇ ಬರೆಯುತ್ತದೆ. ಹೊಸ ಖಾತೆಯ ಬಾಕಿ ಹೇಗೂ ಸೊನ್ನೆ; ಇವನದೂ ಸೊನ್ನೆ; ಹಾಗಾಗಿ ಸಾಲೇ ಇಲ್ಲ. ಫೈಲು ಚಿಕ್ಕದಾಗುತ್ತದೆ, ಜಾಣತನವೆಂದೇ ನನಗೂ ಅನ್ನಿಸಿತ್ತು. ಆದರೆ ಕಾಕಾನ ಮಾತು ತಲೆಯಲ್ಲಿ ಕೊರೆಯುತ್ತಾ ಇತ್ತು. ಸಾಲಿಲ್ಲದ ಮೇಲೆ ಬೆಳಿಗ್ಗೆ ಫೈಲು ಎತ್ತುವಾಗ ಆ ಬೆಲೆ ಎಲ್ಲಿಂದ ಬರುತ್ತದೆ? ಅವತ್ತಿನ ಪ್ರೋಗ್ರಾಮಿನ ವಾಡಿಕೆಯ ಬೆಲೆಯಿಂದ. ನಮ್ಮ ಸೀಮೆಯಲ್ಲಿ ಭತ್ತದ ಚೀಲ ಎಂದರೆ 75 ಕಿಲೋ. ದರ ಕೂಗುವುದೇ ಆ ಚೀಲಕ್ಕೆ. ಪಟ್ಟಿಯ ಕ್ಲಾಸಿನಲ್ಲೂ ಚೀಲದ ತೂಕ ವಾಡಿಕೆಯಾಗಿ 75 ಎಂದೇ ಇತ್ತು. ಅಂದರೆ ಗಂಗಾವತಿಯ ಭತ್ತದ ಪಟ್ಟಿಗಳಲ್ಲಿ ಚೀಲದ ತೂಕದ ಸಾಲು ಎಲ್ಲಿಯೂ ಇಲ್ಲ. ಗೋವಿನಜೋಳದ ವ್ಯವಹಾರ ಕ್ವಿಂಟಲಿನಲ್ಲಿ. ಕೊಪ್ಪಳದ ಅನುಕೂಲಕ್ಕೆಂದು ಮುಂದೆ ಯಾರಾದರೂ ಆ 75ನ್ನು 100 ಮಾಡಿದರೆ ಏನಾಗುತ್ತದೆ? ಗಂಗಾವತಿಯ ಹಳೆಯ ಪಟ್ಟಿಗಳೆಲ್ಲ, ಫೈಲಿನಲ್ಲಿ ಒಂದಕ್ಷರ ಬದಲಾಗದೆ, ಮರುದಿನ ಬೆಳಿಗ್ಗೆ 100 ಕಿಲೋದ ಚೀಲಗಳಾಗಿ ಎದ್ದು ಕೂರುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಬರೆಯದೆ ಬಿಟ್ಟದ್ದನ್ನು ಓದುವವನು ತನಗೆ ತಿಳಿದಂತೆ ತುಂಬಿಕೊಳ್ಳುತ್ತಾನೆ. ಕಿರ್ದಿಯಲ್ಲಿ ಸೊನ್ನೆಗೂ ಒಂದು ಸಾಲು ಕೊಡುವ ಪದ್ಧತಿ ಇದ್ದದ್ದು ಸುಮ್ಮನೆ ಅಲ್ಲ.

ಎನ್‌ಕೋಡರ್ ಬಿಡಲು ಇನ್ನೊಂದು ಕಾರಣವೂ ಇತ್ತು. ಅದರ ಫೈಲು ನೋಡಲು ಲೆಕ್ಕದ ಹಾಳೆಯಂತಿದ್ದರೂ ಒಳಗೆ ಇರುವುದು ಆಜ್ಞೆಗಳ ಸಾಲು: ಈ ಕ್ಲಾಸಿನ ಆಬ್ಜೆಕ್ಟ್ ಮಾಡು, ಈ ಮೆಥಡ್ ಕರೆ, ಈ ಬೆಲೆ ಕೊಡು. ಓದುವ ಕಡೆಯವನು ಹೇಳಿದ್ದನ್ನೆಲ್ಲ ಮಾಡುತ್ತಾನೆ. ನಮ್ಮ ಪೆನ್ ಡ್ರೈವ್ ದಾರಿಯಲ್ಲಿ ಸೈಬರ್ ಕೆಫೆಗೆ ಹೋಗುತ್ತಿತ್ತು, ಸಿನಿಮಾ ಹಾಡು ತುಂಬಿಸಿಕೊಂಡು ಬರುತ್ತಿತ್ತು, ಆ ಕಾಲದ ಎಲ್ಲ ವೈರಸ್ಸುಗಳ ಪರಿಚಯವೂ ಅದಕ್ಕಿತ್ತು.

ಆಮೇಲೆ ಹಿಡಿದದ್ದು ಜಾಕ್ಸ್‌ಬಿ. 2006ರ ಕೊನೆಗೆ ಬಂದ ಜಾವಾ 6ರಲ್ಲಿ ಅದು ಒಳಗೇ ಸೇರಿತ್ತು. ಯಾವ ಫೀಲ್ಡು ಯಾವ ಟ್ಯಾಗಿನಲ್ಲಿ ಹೋಗಬೇಕೆಂದು ಕ್ಲಾಸಿನಲ್ಲೇ ಗುರುತು ಹಾಕಬಹುದು. ಅಂಕಿಯ ಫೀಲ್ಡಾದರೆ ಸೊನ್ನೆಯನ್ನೂ ಬರೆಯುತ್ತದೆ. ಫೈಲಿನಲ್ಲಿ ಹೆಚ್ಚಿಗೆ ಒಂದು ಟ್ಯಾಗು ಕಂಡರೆ ಸುಮ್ಮನೆ ದಾಟಿಹೋಗುತ್ತದೆ, ಆದ್ದರಿಂದ ಗಂಗಾವತಿಯ ಮೊಬೈಲ್ ನಂಬರ್ ಕೊಪ್ಪಳಕ್ಕೆ ಇನ್ನು ಅಡ್ಡಿಯಲ್ಲ. ಟ್ಯಾಗಿನ ಹೆಸರು ನಮ್ಮ ಇಷ್ಟ. ಎಕ್ಸ್‌ಎಂಎಲ್‌ನ ನಿಯಮದಲ್ಲಿ ಕನ್ನಡ ಅಕ್ಷರಗಳಿಗೆ ಮೊದಲ ದಿನದಿಂದಲೇ ಪ್ರವೇಶವಿದೆ. ಹಾಗಾದರೆ ಇಂಗ್ಲಿಷ್ ಯಾಕೆ?

<ಪಟ್ಟಿ>
<ಖಾತೆ>112</ಖಾತೆ>
<ಊರು>ಬೇವೂರು</ಊರು>
<ತಾಲ್ಲೂಕು>ಯಲಬುರ್ಗಾ</ತಾಲ್ಲೂಕು>
<ಮಾಲು>ಕಡಲೆ</ಮಾಲು>
<ಚೀಲ>18</ಚೀಲ>
<ಬಾಕಿ>0</ಬಾಕಿ>
</ಪಟ್ಟಿ>

ಕಾಕಾ ಇದನ್ನು ಮೇಲಿಂದ ಕೆಳಗೆ ಓದಿದರು. ಏನೂ ವಿವರಿಸಬೇಕಾಗಲಿಲ್ಲ. "ಎಲ್ಲಾನೂ ಎರಡೆರಡ ಸಲ ಯಾಕ ಬರದೀರಿ?" ಎಂದಷ್ಟೇ ಕೇಳಿದರು. ಎಕ್ಸ್‌ಎಂಎಲ್ ಬಗ್ಗೆ ಜಗತ್ತಿನ ಪ್ರೋಗ್ರಾಮರುಗಳು ಆಡಿಕೊಳ್ಳುವುದೂ ಇದನ್ನೇ.

ಒಂದು ಟ್ಯಾಗು ಮಾತ್ರ ಬಹಳ ಕಾಡಿತು: ಬಿಲ್‌ಸಂಖ್ಯೆ. ಬರೆಯುವಾಗ ಹೋಗುತ್ತದೆ, ಓದುವಾಗ ಪಾರ್ಸರ್ ಒಪ್ಪುವುದಿಲ್ಲ. ಕಣ್ಣಿಗೆ ಏನೂ ದೋಷ ಕಾಣುವುದಿಲ್ಲ. ಲ್ ಮತ್ತು ಸ ಒತ್ತಾಗಿ ಅಂಟಿಕೊಳ್ಳದಂತೆ ನಾವು ಟೈಪ್ ಮಾಡುವಾಗ ನಡುವೆ ಕಾಣದ ಒಂದು ಗುರುತು ಹಾಕುತ್ತೇವಲ್ಲ, ಝಡ್‌ಡಬ್ಲ್ಯೂಎನ್‌ಜೆ, ತಕರಾರು ಅದರದ್ದು. ಟ್ಯಾಗಿನ ಹೆಸರಿನಲ್ಲಿ ಅದಕ್ಕೆ ಮೊದಲು ಅನುಮತಿ ಇರಲಿಲ್ಲ. 2008ರ ನವೆಂಬರಿನಲ್ಲಿ ಬಂದ ಎಕ್ಸ್‌ಎಂಎಲ್‌ನ ಐದನೆಯ ಆವೃತ್ತಿ ಅನುಮತಿ ಕೊಟ್ಟಿತು, ಆದರೆ ಜಾವಾದೊಳಗಿನ ಪಾರ್ಸರ್ ನಡೆಯುತ್ತಿದ್ದದ್ದು ಹಳೆಯ ನಿಯಮದಂತೆ. ಆ ಟ್ಯಾಗು 'ಕ್ರಮಸಂಖ್ಯೆ' ಆಯಿತು. ಹಾಗೆಯೇ ಇದ್ದುಬಿಟ್ಟಿತು.

ಜಾಮೀನಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ದೊಡ್ಡ ಮುಂಗಡಕ್ಕೆ ಇನ್ನೊಬ್ಬ ಖಾತೆದಾರ ಜಾಮೀನು ನಿಲ್ಲಬೇಕು. ಪ್ರೋಗ್ರಾಮಿನಲ್ಲಿ ರೈತ ಎಂಬ ಆಬ್ಜೆಕ್ಟಿನೊಳಗೆ ಜಾಮೀನುದಾರ ಎಂಬ ಇನ್ನೊಂದು ರೈತ ಆಬ್ಜೆಕ್ಟ್. ತಾವರಗೇರಾದ ಇಬ್ಬರು ಬೀಗರು ಒಬ್ಬರಿಗೊಬ್ಬರು ಜಾಮೀನು ನಿಂತಿದ್ದರು. ಮೊದಲನೆಯವನನ್ನು ಬರೆಯಲು ಹೊರಟರೆ ಒಳಗೆ ಎರಡನೆಯವನು, ಅವನೊಳಗೆ ಮತ್ತೆ ಮೊದಲನೆಯವನು. ಜಾಕ್ಸ್‌ಬಿ ಇದನ್ನು ಕಂಡು ಚಕ್ರ ಸಿಕ್ಕಿದೆ, ಹೀಗೇ ಬರೆದರೆ ಎಕ್ಸ್‌ಎಂಎಲ್‌ನ ಆಳಕ್ಕೆ ಕೊನೆಯಿಲ್ಲ ಎಂದು ಕೈಚೆಲ್ಲಿತು. ಇಂಥ ಸುತ್ತನ್ನು ಹಳೆಯ ಎನ್‌ಕೋಡರ್ ತಾನೇ ಸಂಭಾಳಿಸುತ್ತಿತ್ತು ಎನ್ನುವುದನ್ನೂ ಹೇಳಬೇಕು. ಕಾಕಾನ ಖಾತೆ ಪುಸ್ತಕದಲ್ಲಿ ಆ ಬೀಗರು ಹೇಗಿದ್ದಾರೆಂದು ನೋಡಿದೆ. ಒಬ್ಬನ ಪುಟದ ಬಲ ಅಂಚಿನಲ್ಲಿ 'ಜಾ. 87', ಇನ್ನೊಬ್ಬನ ಪುಟದಲ್ಲಿ 'ಜಾ. 64'. ಅಷ್ಟೇ. ಒಬ್ಬ ಮನುಷ್ಯನ ಪೂರ್ತಿ ವಿವರ ಪುಸ್ತಕದಲ್ಲಿ ಒಂದೇ ಕಡೆ. ಬೇರೆ ಕಡೆಯೆಲ್ಲ ಪುಟದ ಸಂಖ್ಯೆ. ಜಾಕ್ಸ್‌ಬಿಯಲ್ಲೂ ಇದಕ್ಕೆ ಅವಕಾಶವಿದೆ: ಒಂದು ಫೀಲ್ಡನ್ನು ಐಡಿ ಎಂದು ಗುರುತಿಸಿ, ಮಿಕ್ಕ ಕಡೆ ಐಡಿರೆಫ್ ಎಂದರೆ ಸಂಖ್ಯೆಯನ್ನಷ್ಟೇ ಬರೆಯುತ್ತದೆ, ಓದುವಾಗ ತಾನೇ ಹುಡುಕಿ ಜೋಡಿಸುತ್ತದೆ. ಮಕ್ಕಳು ಬೇರೆಯಾದ ಮೇಲೂ ಅಪ್ಪನ ಖಾತೆಯಲ್ಲೇ ಮಾಲು ಹಾಕುವ ಮನೆಗಳ ತೊಡಕೂ ಇದರಿಂದಲೇ ಬಿಡಿಸಿಕೊಂಡಿತು.

ಕರೆಂಟಿನ ಸಮಸ್ಯೆ ಚಿಕ್ಕದು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲು ಅರ್ಧಕ್ಕೆ ನಿಲ್ಲುತ್ತದೆ. ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ನಿನ್ನೆಯದಕ್ಕೆ ನಿನ್ನೆಯ ತಾರೀಖಿನ ಹೆಸರು ಕೊಟ್ಟು ಪಕ್ಕಕ್ಕಿಟ್ಟು, ಆಮೇಲೆ ಹೊಸದಕ್ಕೆ ನಿಜವಾದ ಹೆಸರು ಕೊಡುವ ಹಾಗೆ ಮಾಡಿದೆವು. ವಿಂಡೋಸಿನಲ್ಲಿ ಇರುವ ಫೈಲಿನ ಮೇಲೇ ಇನ್ನೊಂದರ ಹೆಸರು ಬದಲಿಸಿ ಕೂರಿಸಲು ಆಗಿನ ಜಾವಾ ಬಿಡುತ್ತಿರಲಿಲ್ಲ. ಅದರಿಂದಾಗಿ ದಿನಕ್ಕೊಂದು ಹಳೆಯ ಪ್ರತಿ ಪುಕ್ಕಟೆ ಉಳಿಯಿತು.

ನಾನೂ ಆಮೇಲೆ ಬೆಂಗಳೂರಿಗೆ ಬಂದೆ. ಫೋನು ಮಾತ್ರ ಬರುತ್ತಿತ್ತು. 2018ರಲ್ಲಿ ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲ್ಲೂಕುಗಳಾದಾಗ ಬಂದ ಫೋನು ನೆನಪಿದೆ. ಗಂಗಾವತಿಯಲ್ಲಿ ಹೊಸ ಹೆಸರು ಸೇರಿಸಿಕೊಂಡಿದ್ದರು, ಕೊಪ್ಪಳದಲ್ಲಿ ಹಳೆಯ ಪ್ರೋಗ್ರಾಂ. ಅದಕ್ಕೆ ಗೊತ್ತಿದ್ದದ್ದು ನಾಲ್ಕೇ ತಾಲ್ಲೂಕು. ಕಾರಟಗಿ ಎಂದು ಕಂಡಾಗ ತಪ್ಪು ಎನ್ನಲೂ ಇಲ್ಲ, ಕೇಳಲೂ ಇಲ್ಲ, ಕಾಲಮ್ಮನ್ನು ಖಾಲಿ ಬಿಟ್ಟು ಮುಂದೆ ಹೋಯಿತು. ಸೀರಿಯಲೈಸೇಶನ್ನಿನ ಹಟಮಾರಿತನವನ್ನು ಆಗ ಎಷ್ಟು ಬೈದಿದ್ದೇವೆ! ಆದರೆ ಲೆಕ್ಕದ ವಿಷಯದಲ್ಲಿ ಬಾಯಿಗೆ ಬಂದಂತೆ ಕೂಗಾಡುವವನೇ ವಾಸಿ, ಸುಮ್ಮನೆ ನುಂಗಿಕೊಳ್ಳುವವನಲ್ಲ. ಕುಕನೂರಿನ ಹಳೆಯ ಪಟ್ಟಿಗಳಲ್ಲಿದ್ದ ಯಲಬುರ್ಗಾ ಎಂಬುದನ್ನು ತಿದ್ದಬೇಕೇ ಎಂದು ಕೇಳಿದರು. ಬೇಡ ಎಂದೆ. ಮಾಲು ತೂಗಿದ ದಿನ ಅದು ಯಲಬುರ್ಗಾ ತಾಲ್ಲೂಕೇ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಜಾವಾ 11ರಿಂದ ಜಾಕ್ಸ್‌ಬಿಯನ್ನು ಹೊರಗೆ ಹಾಕಿದರು. ಹೊಸ ಕಂಪ್ಯೂಟರಿಗೆ ಹೊಸ ಜಾವಾ ಹಾಕಿದ್ದೇ ತಡ, ಪ್ರೋಗ್ರಾಂ ಏಳಲಿಲ್ಲ. ಲೈಬ್ರರಿಯನ್ನು ಬೇರೆಯಾಗಿ ತಂದು ಸೇರಿಸಿದರೆ ಏಳುತ್ತದೆ, ಸೇರಿಸಿದೆವು. 2022ರ ಜಾವಾ 18ರಲ್ಲಿ ಯುಟಿಎಫ್-8ನ್ನೇ ಎಲ್ಲ ಯಂತ್ರಗಳಲ್ಲೂ ವಾಡಿಕೆ ಮಾಡಿದ ಸುದ್ದಿ ಓದಿದಾಗ ಕಾಕಾನಿಗೆ ಫೋನು ಮಾಡಿ ಹೇಳಿದೆ, ಇನ್ನು ಗಂಗಾವತಿಯೂ ಕುಷ್ಟಗಿಯೂ ಒಂದೇ ಆಗುವುದಿಲ್ಲ ಎಂದು. "ಈಗ ಹೇಳ್ತಾರೇನು?" ಎಂದರು. ಅವರು ಕೆಲಸ ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು.

ಈಗ ಅಂಗಡಿ ಅಣ್ಣನ ಮಗನ ಕೈಯಲ್ಲಿದೆ, ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಟ್ಯಾಲಿಯೂ ಎಕ್ಸ್‌ಎಂಎಲ್ ಒಳಗೆ ತೆಗೆದುಕೊಳ್ಳುತ್ತದಾದ್ದರಿಂದ ಹಳೆಯ ಫೈಲುಗಳನ್ನು ಅದರ ಟ್ಯಾಗುಗಳಿಗೆ ಹೊಂದಿಸುವ ಒಂದು ಎಕ್ಸ್‌ಎಸ್‌ಎಲ್‌ಟಿ ಬರೆದು ಕಳಿಸಿದೆ. ನಮ್ಮ ಜಾವಾದ ಒಂದು ಸಾಲೂ ಅದಕ್ಕೆ ಬೇಕಾಗಲಿಲ್ಲ. ಖಾತೆ, ಊರು, ಬಾಕಿ ಎಲ್ಲ ಸಲೀಸಾಗಿ ಹೋದವು. ಜಾಮೀನಿಗೆ ಮಾತ್ರ ಅವರ ಟ್ಯಾಲಿಯಲ್ಲಿ ಕೂರುವ ಜಾಗ ಸಿಗಲಿಲ್ಲ. ಅದಕ್ಕಾಗಿ ಏನಾದರೂ ಮಾಡಿಕೊಡಲೇ ಎಂದು ಕೇಳಿದೆ.

"ಬ್ಯಾಡ್ರಿ ಅಣ್ಣಾರ," ಎಂದ ಹುಡುಗ, "ಜಾಮೀನು ಯಾರ್ದಂತ ಬೇಕಾದ್ರ ನಾ ನೋಟ್‌ಪ್ಯಾಡಿನ್ಯಾಗ ತಗದು ನೋಡ್ತೀನಿ."